ಲಕ್ವಾ ಹೊಡೆದ ಕೈ: ರೋಬೋಟ್ ಬೇಕಾ, ತೊಗರಿ ಕಾಳು ಸಾಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಮಾವನವರಿಗೆ 61 ವರ್ಷ. ಎರಡೂವರೆ ತಿಂಗಳ ಹಿಂದೆ ಬೆಳಗ್ಗೆ ಹಲ್ಲುಜ್ಜುವಾಗ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಕಲಬುರಗಿಗೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಸ್ಕ್ಯಾನ್ ಮಾಡಿ, ಮಿದುಳಿನ ಎಡಗಡೆ ರಕ್ತ ಹೆಪ್ಪುಗಟ್ಟಿ ನಾಳ ಕಟ್ಟಿದೆ ಅಂದರು. ಈಗ ಎಡಗೈಯಲ್ಲಿ ಕೋಲು ಹಿಡಿದು ಅಂಗಳದ ತನಕ ನಡೆಯುತ್ತಾರೆ. ಬೆರಳು ಸ್ವಲ್ಪ ಬಿಚ್ಚುತ್ತವೆ, ಆದರೆ ಕೈ ಕೆಲಸಕ್ಕೆ ಬರುವುದಿಲ್ಲ. ಊರಿಗೆ ಬರುವ ಒಬ್ಬರು ದಿನಾ 20 ನಿಮಿಷ ಕರೆಂಟ್ ಇಡುತ್ತಾರೆ. ಕಿಟಕಿಗೆ ರಾಟೆ ಕಟ್ಟಿ ಹಗ್ಗದಿಂದ ಕೈ ಮೇಲಕ್ಕೆ ಎಳೆಸುತ್ತಾರೆ. ಭುಜ ಬಹಳ ನೋವು ಅಂತಾರೆ. ಹೈದರಾಬಾದಿನಲ್ಲಿ ರೋಬೋಟ್ ಮಷಿನ್ ಇದೆ, ಎರಡು ಲಕ್ಷ ಆಗುತ್ತದೆ ಅಂತ ನಮ್ಮ ಮನೆಯವರ ಸ್ನೇಹಿತರು ಹೇಳಿದ್ದಾರೆ. ಎರಡು ಎಮ್ಮೆ ಮಾರಿ, ಉಳಿದದ್ದಕ್ಕೆ ಸಾಲ ಮಾಡುವ ಮಾತು ನಡೆದಿದೆ. ಅತ್ತೆಯವರು ಪಾರಿವಾಳದ ರಕ್ತ ಹಚ್ಚಿಸೋಣ ಅಂತಾರೆ. ಮೂರು ತಿಂಗಳು ದಾಟಿದರೆ ಆಮೇಲೆ ಏನೂ ಆಗಲ್ಲ ಅಂತ ಎಲ್ಲರೂ ಹೆದರಿಸುತ್ತಾರೆ. ಯಾವುದು ಮಾಡಿಸಬೇಕು ಹೇಳಿ.
— ಹೆಸರು ಬೇಡ, ಚಿತ್ತಾಪುರ ತಾಲ್ಲೂಕು

ಉತ್ತರ: ತಂಗಿ, ಮೊದಲು ಎದ್ದು ಹೋಗಿ ಆ ರಾಟೆ ಬಿಚ್ಚಿಡಿ. ಮುಂದಿನದು ಆಮೇಲೆ ಓದಿ.

ಭುಜದ ಕೀಲು ಸಣ್ಣ ಬಟ್ಟಲಿಗೆ ಆತುಕೊಂಡ ಚೆಂಡಿನ ಹಾಗೆ. ಅದನ್ನು ಜಾಗದಲ್ಲಿ ಹಿಡಿದಿಡುವುದು ಸುತ್ತಲಿನ ಸ್ನಾಯುಗಳು. ಲಕ್ವಾ ಹೊಡೆದಾಗ ಅವು ಸಡಿಲಾಗುತ್ತವೆ. ಒಂದು ಕೈ ಅಂದರೆ ಸುಮಾರು ಮೂರು ಕೆಜಿ. ಆ ಭಾರಕ್ಕೆ ಚೆಂಡು ಕೆಳಗೆ ಜಗ್ಗುತ್ತದೆ. ನಾವು ಕೈ ಎತ್ತಿದಾಗ ಬೆನ್ನಿನ ಮೇಲಿರುವ ಹಲಗೆಯಂಥ ಎಲುಬೂ ಜೊತೆಗೆ ತಿರುಗುತ್ತದೆ. ಮಾವನವರಿಗೆ ಅದು ಸರಿಯಾಗಿ ತಿರುಗುವುದಿಲ್ಲ. ಹಗ್ಗ ಮಾತ್ರ ಎಳೆಯುತ್ತದೆ. ಒಳಗಿನ ಮೆತ್ತನೆಯ ಭಾಗ ಎಲುಬುಗಳ ನಡುವೆ ಸಿಕ್ಕಿ ಜಜ್ಜುತ್ತದೆ. ನೋವು ಬರುವುದು ಅದಕ್ಕೇ. "ನೋವಾದರೆ ಕೈ ಬಿಚ್ಚುತ್ತಿದೆ ಅಂತ ಲೆಕ್ಕ" ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ. ಲಕ್ವಾ ಆದ ಭುಜಕ್ಕೆ ರಾಟೆ ಬೇಡ ಎಂದು ನಮ್ಮ ಪುಸ್ತಕಗಳಲ್ಲೇ ಸ್ಪಷ್ಟವಾಗಿ ಇದೆ. ಆದರೂ ನಮ್ಮ ಕಡೆ ಎಷ್ಟೋ ಮನೆಯ ಕಿಟಕಿಗೆ ಅದು ನೇತಾಡುತ್ತಿರುವುದನ್ನು ಕಂಡಿದ್ದೇನೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2014ರಲ್ಲಿ ನನ್ನ ಅವ್ವನಿಗೇ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು. ನಾನು ಆಗಲೇ ಹನ್ನೊಂದು ವರ್ಷದಿಂದ ಫಿಸಿಯೋಥೆರಪಿ ಕೆಲಸ ಮಾಡುತ್ತಿದ್ದೆ. ಮೂರನೇ ದಿನ ಔಷಧಿ ತರಲು ಕೆಳಗೆ ಹೋದೆ. ಅಷ್ಟರಲ್ಲಿ ವಾರ್ಡಿನ ಇಬ್ಬರು ಬಂದು ಅವ್ವನ ಎರಡೂ ಕಂಕುಳಿಗೆ ಕೈ ಹಾಕಿ, ಜಗ್ಗಿ, ಗಾಲಿಕುರ್ಚಿಗೆ ಕೂರಿಸಿದ್ದರು. ಸ್ಕ್ಯಾನಿಗೆ ತಡವಾಗುತ್ತದೆ ಅಂತ ಅವಸರ. ಸಂಜೆ ಅವ್ವನ ಭುಜ ಮುಟ್ಟಿ ನೋಡಿದೆ. ಎಲುಬಿನ ತುದಿಗೂ ಕೈಗೂ ನಡುವೆ ನನ್ನ ಎರಡು ಬೆರಳು ಹಿಡಿಸುವಷ್ಟು ಸಂದು ಬಿದ್ದಿತ್ತು. ಆಮೇಲೆ ಅವ್ವನ ಬೆರಳು ಬಿಚ್ಚಿದವು. ಹಿಡಿತವೂ ಬಂತು. ಹಿಟ್ಟು ನಾದುವಷ್ಟು ಶಕ್ತಿ ಬಂತು. ಆದರೆ ಒಂಬತ್ತು ತಿಂಗಳು ಭುಜ ಮುಟ್ಟಿಸಿಕೊಳ್ಳಲಿಲ್ಲ. ಕೊನೆಯ ತನಕ ಜೋಳದ ರೊಟ್ಟಿ ಬಡಿಯಲು ಆ ಕೈ ಮೇಲೇಳಲಿಲ್ಲ. ಮಿದುಳು ಕೈಯನ್ನು ವಾಪಸ್ ಕೊಟ್ಟಿತ್ತು. ನಾವು ಭುಜದಲ್ಲಿ ಕಳೆದುಕೊಂಡೆವು.

ಹಾಗಾಗಿ ನಿಮ್ಮ ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಮಾವನವರನ್ನು ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಬಾರದು. ಸೊಂಟಕ್ಕೆ ಟವೆಲ್ ಗಟ್ಟಿಯಾಗಿ ಕಟ್ಟಿ, ಆ ಟವೆಲ್ ಹಿಡಿದು ಎಬ್ಬಿಸಿ. ಕೂತಾಗ ಬಲಗೈ ಕೆಳಗೆ ಜೋತು ಬೀಳದಂತೆ ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲಿರಿಸಿ. ಅಂಗಿ ತೊಡಿಸುವಾಗ ಮೊದಲು ಬಲಗೈ, ಬಿಚ್ಚುವಾಗ ಕೊನೆಗೆ ಬಲಗೈ. ಬಿಸಿ ನೀರಿನ ಚೀಲ, ಕಾಯಿಸಿದ ಇಟ್ಟಿಗೆಯ ಕಾವು ಬೇಡ. ಆ ಭಾಗಕ್ಕೆ ಬಿಸಿ ಸರಿಯಾಗಿ ಗೊತ್ತಾಗದೇ ಇರಬಹುದು. ಬೊಬ್ಬೆ ಎದ್ದ ಮೇಲೆ ಬಂದವರನ್ನು ನಾನು ನೋಡಿದ್ದೇನೆ.

ಈಗ ರೋಬೋಟಿನ ವಿಷಯಕ್ಕೆ ಬರೋಣ. ಎಮ್ಮೆ ಮಾರುವ ಮಾತು ಬಂದಿದೆ ಅಂದರೆ ಇದನ್ನು ಬಿಡಿಸಿ ಹೇಳಲೇಬೇಕು.

ಕೈಯನ್ನು ಮಷಿನಿನಲ್ಲಿ ಕೂರಿಸಿ, ಅದು ಸಹಾಯ ಮಾಡುತ್ತಾ ನೂರಾರು ಸಲ ಆಡಿಸುವುದು ಈ ಚಿಕಿತ್ಸೆಯ ರೀತಿ. ಕೇಳಲು ಸರಿ ಅನಿಸುತ್ತದೆ. ಇಂಗ್ಲೆಂಡ್ ಕಡೆ 770 ಜನ ಲಕ್ವಾ ರೋಗಿಗಳನ್ನು ಮೂರು ಗುಂಪು ಮಾಡಿ ಪರೀಕ್ಷೆ ಮಾಡಿದರು. ಒಂದು ಗುಂಪಿಗೆ ರೋಬೋಟ್. ಒಂದಕ್ಕೆ ಅಷ್ಟೇ ಹೊತ್ತು ಥೆರಪಿಸ್ಟ್ ಜೊತೆ ಕೈ ಕೆಲಸ. ಇನ್ನೊಂದಕ್ಕೆ ಎಲ್ಲರಿಗೂ ಸಿಗುವ ಮಾಮೂಲಿ ಚಿಕಿತ್ಸೆ. ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷ, 12 ವಾರ. 2019ರಲ್ಲಿ ಫಲಿತಾಂಶ ಬಂತು. ದಿನದ ಕೆಲಸಕ್ಕೆ ಕೈ ಬರುವ ವಿಷಯದಲ್ಲಿ ರೋಬೋಟ್ ಗುಂಪು ಮಾಮೂಲಿ ಗುಂಪಿಗಿಂತ ಮುಂದೆ ಹೋಗಿರಲಿಲ್ಲ. ಮಷಿನಿನೊಳಗೆ ಕೈ ಆಡಿತು, ಆದರೆ ಲೋಟ ಎತ್ತಲು ಅದು ಸಾಕಾಗಲಿಲ್ಲ.

ನಡಿಗೆಗೂ ಇಂಥದ್ದೇ ಕಥೆ. ಮೇಲಿನಿಂದ ಬೆಲ್ಟ್ ಕಟ್ಟಿ ಭಾರ ಹಗುರ ಮಾಡಿ ಟ್ರೆಡ್‌ಮಿಲ್ ಮೇಲೆ ನಡೆಸುವ ಪದ್ಧತಿ ಇದೆ. ದೊಡ್ಡ ಊರಿನ ಸೆಂಟರುಗಳಲ್ಲಿ ಅದರ ಫೋಟೋ ಗೋಡೆಗೆ ಹಾಕಿರುತ್ತಾರೆ. ಅಮೆರಿಕದಲ್ಲಿ 408 ಜನರ ಮೇಲೆ ಅದನ್ನು ಪರೀಕ್ಷಿಸಿದರು. ಹೋಲಿಕೆಗೆ ಇಟ್ಟದ್ದು ಏನು ಗೊತ್ತಾ? ಥೆರಪಿಸ್ಟ್ ಮನೆಗೇ ಹೋಗಿ ಮಾಡಿಸುವ ವ್ಯಾಯಾಮ. ಕಾಲಿಗೆ ಶಕ್ತಿ, ನಿಲ್ಲುವ ಸಮತೋಲ, ಅಷ್ಟೇ. ಒಂದು ವರ್ಷದ ಮೇಲೆ ನೋಡಿದರೆ ಎಲ್ಲ ಗುಂಪು ಸೇರಿ ನೂರಕ್ಕೆ 52 ಜನರ ನಡಿಗೆ ಒಂದು ಮೆಟ್ಟಿಲು ಮೇಲೇರಿತ್ತು. ಟ್ರೆಡ್‌ಮಿಲ್‌ಗೂ ಮನೆಗೂ ವ್ಯತ್ಯಾಸ ಇರಲಿಲ್ಲ. ಅದು 2011ರ ಮಾತು. ಅದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ ಹೇಳಲಾರೆ. ನನ್ನ ಕ್ಲಿನಿಕ್ಕಿನಲ್ಲಿ ಒಂದು ಪ್ಯಾರಲಲ್ ಬಾರ್, ನಾಲ್ಕು ಮೆಟ್ಟಿಲು, ಒಂದು ಕನ್ನಡಿ ಬಿಟ್ಟರೆ ಏನೂ ಇರಲಿಲ್ಲ.

ಕರೆಂಟ್ ವಿಷಯ ಬೇರೆ. ಅದು ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ಮೊಣಕೈಗೂ ಮಣಿಕಟ್ಟಿಗೂ ನಡುವಿನ ಹಿಂಬದಿಗೆ ಇಟ್ಟು, ಕರೆಂಟ್ ಬಂದಾಗ ಬೆರಳು ಬಿಚ್ಚುವ ಕ್ಷಣಕ್ಕೆ ಸರಿಯಾಗಿ ಮಾವನವರೂ "ಬಿಚ್ಚು" ಅಂತ ಮನಸ್ಸಿಟ್ಟು ಪ್ರಯತ್ನ ಮಾಡಿದರೆ ಸಹಾಯ ಆಗುತ್ತದೆ. ಎದುರಿಗೆ ಲೋಟ ಇಟ್ಟು, ಬಿಚ್ಚಿದ ಕೈಯಿಂದ ಅದನ್ನು ಹಿಡಿಸಿದರೆ ಇನ್ನೂ ಒಳ್ಳೆಯದು. ಅವರು ಮಲಗಿ ಸೂರು ನೋಡುತ್ತಾ ಇದ್ದು, ಮಷಿನ್ ತನ್ನ ಪಾಡಿಗೆ ಟಿಕ್ ಟಿಕ್ ಅಂತಿದ್ದರೆ ಸುಮ್ನೆ ಹೊತ್ತು ಹೋಗುತ್ತದೆ. ಬರುವವರಿಗೆ ಇದನ್ನು ಹೇಳಿ ನೋಡಿ. ಒಪ್ಪಿದರೆ ಮುಂದುವರಿಸಿ.

ಇಷ್ಟಕ್ಕೂ ಮಿದುಳಿನಲ್ಲಿ ಏನು ನಡೆಯುತ್ತಿದೆ? ಹೆಚ್ಚಿನ ಲಕ್ವಾ ನಿಮ್ಮ ಮಾವನವರದ್ದೇ ಥರ. ರಕ್ತನಾಳ ಕಟ್ಟಿಕೊಂಡು, ಅದರ ಮುಂದಿನ ಭಾಗಕ್ಕೆ ರಕ್ತ ನಿಂತು ಆಗುವಂಥದ್ದು. ನಡುವಿನ ಭಾಗ ಸತ್ತೇ ಹೋಗುತ್ತದೆ. ಅಂಚಿನದು ಬಾಡಿರುತ್ತದೆ, ಮೊದಲ ಕೆಲವು ವಾರದಲ್ಲಿ ಅದರಲ್ಲಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಉಳಿದ ಕೆಲಸವನ್ನು ಪಕ್ಕದ ಭಾಗ ಕಲಿಯಬೇಕು. ಮಳೆಗಾಲದಲ್ಲಿ ಎರಿ ಹೊಲದ ಕಾಲುದಾರಿ ಅಳಿಸಿಹೋಗುತ್ತದಲ್ಲ, ಹೊಸ ದಾರಿ ಬೀಳಬೇಕಾದರೆ ಎಷ್ಟು ಸಲ ಅಲ್ಲೇ ನಡೆಯಬೇಕು? ನಾಲ್ಕು ಸಲ ನಡೆದರೆ ಬೀಳಲ್ಲ. ಅದೂ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ನಡೆಯಬೇಕು.

ನಮ್ಮ ವೃತ್ತಿಯವರೆಲ್ಲ ನೆನಪಿಡಬೇಕಾದ ಒಂದು ಲೆಕ್ಕ ಇದೆ. ಅಮೆರಿಕ, ಕೆನಡಾದ ಥೆರಪಿ ಕೋಣೆಗಳಲ್ಲಿ ಕೂತು ಎಣಿಸಿದರು, 2009ರಲ್ಲಿ ಆ ಲೆಕ್ಕ ಬಂತು. ಒಂದು ಸಲದ ಚಿಕಿತ್ಸೆಯಲ್ಲಿ ರೋಗಿ ತನ್ನ ಬಿದ್ದ ಕೈಯಿಂದ ನಿಜವಾದ ಕೆಲಸದ ಚಲನೆ ಎಷ್ಟು ಸಲ ಮಾಡುತ್ತಾನೆ? ಸರಾಸರಿ 32. ಪ್ರಾಣಿಗಳ ಪ್ರಯೋಗದಲ್ಲಿ ಮಿದುಳು ಬದಲಾಗಬೇಕಾದರೆ ದಿನಕ್ಕೆ ನೂರಾರು ಸಲ ಬೇಕಾಗಿತ್ತು. ಆ 32 ಓದಿದ ಮೇಲೆ ನಾನು ನನ್ನ ಕ್ಲಿನಿಕ್ಕಿನಲ್ಲೂ ಎಣಿಸಿದೆ. 28 ಬಂತು.

ಅವತ್ತಿನಿಂದ ನನ್ನ ಮೇಜಿನ ಮೇಲೆ ಎರಡು ಬಟ್ಟಲು ಇವೆ. ಒಂದರಲ್ಲಿ ನೂರು ತೊಗರಿ ಕಾಳು.

ನಿಮ್ಮ ಮನೆಯಲ್ಲಿ ತೊಗರಿಗೆ ಏನು ಬರ? ಶುರುವಿನಲ್ಲಿ ತೊಗರಿ ಸಣ್ಣದಾಯಿತು ಅನಿಸಿದರೆ ಹುಣಸೆ ಬೀಜ, ಅದೂ ಕಷ್ಟವಾದರೆ ಈರುಳ್ಳಿ. ಮಾವನವರನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ. ಎದುರು ಮೇಜು. ಬಲಗೈಯಿಂದ ಒಂದೊಂದೇ ಎತ್ತಿ ಪಕ್ಕದ ಬಟ್ಟಲಿಗೆ ಹಾಕಬೇಕು. ಎತ್ತುವುದಕ್ಕಿಂತ ಬಿಡುವುದು ಕಷ್ಟ, ಬೆರಳು ಮುಚ್ಚಿಕೊಂಡೇ ಇರುತ್ತವೆ. ಅವಸರ ಬೇಡ. ಮಣಿಕಟ್ಟನ್ನು ಸ್ವಲ್ಪ ಕೆಳಗೆ ಬಾಗಿಸಿದರೆ ಬೆರಳು ಬಿಚ್ಚಿಕೊಳ್ಳುತ್ತವೆ, ಆಗ ಬಿಡಲಿ. ಮೊದಲ ದಿನ ಹತ್ತಾದರೂ ಸರಿ. ಬೆಳಗ್ಗೆ ನೂರು, ಹನ್ನೊಂದಕ್ಕೆ ನೂರು, ಸಂಜೆ ನೂರು ಆಗುವ ತನಕ ನಿಧಾನ ಏರಿಸಿ. ನೂರು ಸಲೀಸಾದ ದಿನ ಬಟ್ಟಲನ್ನು ಒಂದು ಗೇಣು ದೂರ ಸರಿಸಿ. ಮತ್ತೆ ಕಷ್ಟ ಆಗಬೇಕು. ಸಲೀಸಾದ ಕೆಲಸದಿಂದ ಮಿದುಳು ಹೊಸದು ಕಲಿಯುವುದಿಲ್ಲ.

ಇನ್ನೊಂದು ಪದ್ಧತಿ ನಿಮ್ಮ ಮಾವನವರಿಗೆ ಹೊಂದಬಹುದು. ಒಳ್ಳೆಯ ಕೈಯನ್ನು ಕಟ್ಟಿಹಾಕಿ, ಬಿದ್ದ ಕೈಯಿಂದಲೇ ಕೆಲಸ ಮಾಡಿಸುವುದು. ಲಕ್ವಾ ಆದ ಮೇಲೆ ಎಲ್ಲದಕ್ಕೂ ಎಡಗೈ ಓಡಿ ಬರುತ್ತದೆ, ಬಲಗೈ "ನನಗೇನು ಕೆಲಸ" ಅಂತ ಮರೆತೇ ಬಿಡುತ್ತದೆ. ಎಡ್ವರ್ಡ್ ಟೌಬ್ ಎಂಬ ವಿಜ್ಞಾನಿ ಇದನ್ನು ಕಂಡು ಈ ದಾರಿ ಹುಡುಕಿದರು. 2006ರಲ್ಲಿ 222 ಜನರ ಮೇಲೆ ಮಾಡಿದ ದೊಡ್ಡ ಪರೀಕ್ಷೆಯಲ್ಲಿ, ಲಕ್ವಾ ಆಗಿ ಮೂರರಿಂದ ಒಂಬತ್ತು ತಿಂಗಳು ಆದವರಿಗೆ ಎರಡು ವಾರ ಒಳ್ಳೆಯ ಕೈಗೆ ಚೀಲ ತೊಡಿಸಿ, ದಿನಕ್ಕೆ ಆರು ಗಂಟೆ ತನಕ ಕೆಲಸ ಮಾಡಿಸಿದರು. ಒಂದು ವರ್ಷದ ಮೇಲೂ ಅವರ ಕೈ ಉಳಿದವರಿಗಿಂತ ಮುಂದಿತ್ತು. ಇಲ್ಲಿಯ ತನಕ ಹೇಳಿದ್ದರಲ್ಲಿ ಹೀಗೆ ಎದ್ದು ಕಾಣುವ ಲಾಭ ಸಿಕ್ಕಿದ್ದು ಇದೊಂದಕ್ಕೇ.

ಆದರೆ ಎಲ್ಲರಿಗೂ ಆಗದು. ಬೆರಳಿನಲ್ಲಿ ಒಂದಿಷ್ಟಾದರೂ ಜೀವ ಇರಬೇಕು. ಹೀಗೆ ನೋಡಿ. ಮೇಜಿನ ಮೇಲೆ ಒಂದು ತೆಳ್ಳನೆಯ ಟವೆಲ್ ಇಡಿ. ಬಲಗೈಯಿಂದ ಅದನ್ನು ಹೇಗಾದರೂ ಹಿಡಿದು, ಎತ್ತಿ, ಮತ್ತೆ ಬಿಡಲು ಆಗುತ್ತದಾ? ಆದರೆ ಶುರು ಮಾಡಬಹುದು. ಆರು ಗಂಟೆ ನಮ್ಮ ಮನೆಗಳಲ್ಲಿ ಆಗದ ಮಾತು. ನಾನು ಎರಡು ಗಂಟೆ ಹೇಳುತ್ತೇನೆ. ಎಡಗೈಗೆ ದಪ್ಪ ಕಾಲುಚೀಲ ತೊಡಿಸಿ. ಆ ಹೊತ್ತಿನಲ್ಲಿ ಬಾಗಿಲ ಚಿಲಕ, ನೀರಿನ ಲೋಟ, ಟವೆಲ್ ಮಡಚುವುದು, ಶೇಂಗಾ ಸುಲಿಯುವುದು ಎಲ್ಲ ಬಲಗೈಯದ್ದೇ. ಎಚ್ಚರ, ನಡೆಯುವಾಗ ಮಾತ್ರ ಕಾಲುಚೀಲ ತೆಗೆಯಿರಿ. ಅವರ ಕೋಲು ಇರುವುದು ಎಡಗೈಯಲ್ಲಿ. ಬಿದ್ದು ಸೊಂಟ ಮುರಿದರೆ ಇಷ್ಟೆಲ್ಲ ಮಾಡಿದ್ದು ಹೊಳೆ ಪಾಲು.

ಟವೆಲ್ ಎತ್ತಲು ಆಗದಿದ್ದರೆ ಕನ್ನಡಿ. ಕಪಾಟಿನ ಹಳೆ ಕನ್ನಡಿ ಸಾಕು. ಮೇಜಿನ ನಡುವೆ ನಿಲ್ಲಿಸಿ. ಬಲಗೈ ಕನ್ನಡಿಯ ಹಿಂದೆ, ಎಡಗೈ ಮುಂದೆ. ಮಾವನವರು ಕನ್ನಡಿಯೊಳಗೆ ನೋಡುತ್ತಾ ಎಡಗೈ ಬಿಚ್ಚಿ ಮುಚ್ಚಿ ಮಾಡಬೇಕು. ಕಣ್ಣಿಗೆ ಬಲಗೈಯೇ ಆಡಿದ ಹಾಗೆ ಕಾಣುತ್ತದೆ. ಅದೇ ಹೊತ್ತಿಗೆ ಬಲಗೈಯನ್ನೂ ಆಡಿಸಲು ಪ್ರಯತ್ನಿಸಬೇಕು. ತಮಿಳುನಾಡಿನಲ್ಲಿ ಹುಟ್ಟಿದ ವಿ.ಎಸ್. ರಾಮಚಂದ್ರನ್ ಮೊದಲು ಇದನ್ನು ಕೈ ಕತ್ತರಿಸಿಕೊಂಡವರ ನೋವಿಗೆ ಬಳಸಿದರು, 1999ರಲ್ಲಿ ಲಕ್ವಾ ರೋಗಿಗಳಿಗೂ ಮಾಡಿ ನೋಡಿದರು. ಆಮೇಲೆ ಬಂದ ಪರೀಕ್ಷೆಗಳೂ ಕೈಗೆ ಲಾಭ ಇದೆ ಎಂದೇ ಹೇಳಿವೆ. ಖರ್ಚಿಲ್ಲ. ದಿನಕ್ಕೆ ಅರ್ಧ ಗಂಟೆ ಸಾಕು. ಮೊದಲ ಸಲ ನೋಡಿದಾಗ ಕೆಲವರು ಅಳುತ್ತಾರೆ. ಅಳಲಿ ಬಿಡಿ, ಪಕ್ಕದಲ್ಲಿ ಕೂತಿರಿ.

ನಾನು ಕಾಲೇಜಿನಲ್ಲಿ ಕಲಿತದ್ದು ಬೊಬಾತ್ ಪದ್ಧತಿ. ಥೆರಪಿಸ್ಟ್ ತನ್ನ ಕೈಯಿಂದ ರೋಗಿಯ ಮೈಯನ್ನು ಸರಿಯಾದ ಭಂಗಿಗೆ ತರುತ್ತಾ, ಮೊದಲು ಚಲನೆ ನೆಟ್ಟಗಾಗಲಿ, ಆಮೇಲೆ ಕೆಲಸ ಅನ್ನುವ ದಾರಿ. ಅದರ ಮೇಲೆ ನನಗೆ ಈಗಲೂ ಗೌರವ ಇದೆ, ಮೈ ಮುಟ್ಟಿ ತಿಳಿಯುವುದನ್ನು ಕಲಿಸಿದ್ದು ಅದೇ. ಆದರೆ 2014ರಲ್ಲಿ ಎಲ್ಲ ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಯಾವ ಒಂದು ಪದ್ಧತಿಯೂ ಇನ್ನೊಂದಕ್ಕಿಂತ ಮೇಲು ಅಂತ ಕಾಣಲಿಲ್ಲ. ಹಾಗಾಗಿ "ನಮ್ಮದು ಇಂಥ ವಿಶೇಷ ಪದ್ಧತಿ" ಅಂತ ಹೆಸರು ಹೇಳಿ ಜಾಸ್ತಿ ದುಡ್ಡು ಕೇಳುವವರನ್ನು ಒಂದೇ ಪ್ರಶ್ನೆ ಕೇಳಿ. ದಿನಕ್ಕೆ ಎಷ್ಟು ಹೊತ್ತು, ಎಷ್ಟು ಸಲ, ಯಾವ ಕೆಲಸ?

ಹಾಗಾದರೆ ಮನೆಯವರೇ ಎಲ್ಲ ಮಾಡಿಸಿದರೆ ಸಾಕಲ್ವಾ ಅಂತ ನೀವು ಕೇಳಬಹುದು. ಇಲ್ಲಿ ನಾನು ಮುಚ್ಚಿಟ್ಟು ಮಾತಾಡಬಾರದು. ನಮ್ಮ ದೇಶದಲ್ಲೇ 14 ಆಸ್ಪತ್ರೆಗಳಲ್ಲಿ 1250 ಜನರ ಮೇಲೆ ಇದನ್ನೇ ಪರೀಕ್ಷಿಸಿದರು. ಒಂದು ಗುಂಪಿಗೆ, ಆಸ್ಪತ್ರೆಯಲ್ಲಿರುವಾಗಲೇ ಮನೆಯ ಒಬ್ಬರಿಗೆ ಕಲಿಸಿ, ಮನೆಯಲ್ಲಿ ಅವರಿಂದಲೇ ಮಾಡಿಸಿದರು. ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆ. 2017ರಲ್ಲಿ ಫಲಿತಾಂಶ ಬಂದಾಗ ನನಗೆ ಬೇಸರವಾಯಿತು. ಆರು ತಿಂಗಳಿಗೆ ಎರಡೂ ಗುಂಪಿನಲ್ಲಿ ನೂರಕ್ಕೆ 47 ಜನ ತೀರಿಕೊಂಡಿದ್ದರು ಇಲ್ಲವೇ ಬೇರೆಯವರನ್ನೇ ನಂಬಿ ಬದುಕುತ್ತಿದ್ದರು. ಮನೆಯವರಿಗೆ ಕಲಿಸಿದ್ದರಿಂದ ಹೆಚ್ಚಿನ ಲಾಭ ಆಗಿರಲಿಲ್ಲ. ನಾನು ಇದರಿಂದ ತಿಳಿದುಕೊಂಡದ್ದು ಇಷ್ಟು. ಥೆರಪಿಸ್ಟ್ ಮಾಡುವ ಕೆಲಸವನ್ನು ಸೊಸೆಯ ತಲೆಗೆ ಕಟ್ಟಿ ಕಳಿಸಿಬಿಟ್ಟರೆ ಆಗುವುದಿಲ್ಲ. ಸೊಸೆಗೆ ಅಡುಗೆ ಇದೆ, ಹೊಲ ಇದೆ, ಮಕ್ಕಳಿದ್ದಾರೆ. ವಾರ ವಾರ ನೋಡಿ, ಕೆಲಸವನ್ನು ಕಷ್ಟ ಮಾಡುತ್ತಾ ಹೋಗುವ ಕಣ್ಣು ಬೇಕು. ಅದಕ್ಕೇ ನಾನು ಹೇಳುವುದು, ಹೈದರಾಬಾದಿಗೆ ಕೊಡುವ ದುಡ್ಡಿನಲ್ಲಿ ಒಂದು ಸಣ್ಣ ಪಾಲು ಸಾಕು. ಕಲಬುರಗಿಯಲ್ಲಿ ಜಿಮ್ಸ್, ಇಎಸ್ಐ, ಬಸವೇಶ್ವರ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗಳಿವೆ. ಮೊದಲು ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ವಿಚಾರಿಸಿ. ವಾರಕ್ಕೊಮ್ಮೆ ಬಸ್ಸಿಗೆ ಕರಕೊಂಡು ಬನ್ನಿ. ಬಸ್ಸಿನ ಮೆಟ್ಟಿಲು ಹತ್ತುವುದೂ ವ್ಯಾಯಾಮವೇ. ಉಳಿದ ಆರು ದಿನ ಮನೆಯಲ್ಲಿ. ನಿಮ್ಮೊಬ್ಬರ ಮೇಲೇ ಬೀಳದ ಹಾಗೆ ಹಂಚಿಕೊಳ್ಳಿ. ಬೆಳಗಿನ ಕಾಳು ಅತ್ತೆಯವರದ್ದು, ಸಂಜೆಯ ನಡಿಗೆ ನಿಮ್ಮ ಮನೆಯವರದ್ದು. ಇಂಗ್ಲೆಂಡಿನ 2023ರ ಮಾರ್ಗಸೂಚಿಯಲ್ಲಿ ದಿನಕ್ಕೆ ಮೂರು ಗಂಟೆ, ವಾರಕ್ಕೆ ಐದು ದಿನ ಚಿಕಿತ್ಸೆ ಸಿಗಬೇಕು ಅಂತಿದೆ. ಮೂರು ಗಂಟೆ ಒಬ್ಬರಿಂದ ಆಗದು. ನಾಲ್ಕು ಜನ ಸೇರಿದರೆ ಆಗುತ್ತದೆ.

ನಡಿಗೆಗೆ ನಿಮ್ಮ ಮನೆಯ ನೆಲ ಸಾಕು. ನಮ್ಮ ಕಡೆ ಹೆಚ್ಚಿನ ಮನೆಗೆ ಶಹಾಬಾದ್ ಫರ್ಸಿಯೇ ಇರುತ್ತದೆ. ಕಲ್ಲುಗಳ ನಡುವಿನ ಗೆರೆ ನೋಡಿಕೊಂಡು ನಡೆಯಲಿ. ಮೊದಲು ಒಂದು ಕಲ್ಲಿಗೆ ಎರಡು ಹೆಜ್ಜೆ, ಎಡಗಾಲಿನಷ್ಟೇ ಉದ್ದ ಬಲಗಾಲಿನದ್ದೂ ಇರಬೇಕು. ಒದ್ದೆ ಇದ್ದಾಗ ಆ ಕಲ್ಲು ಜಾರುತ್ತದೆ, ಸಾರಿಸಿದ ಮೇಲೆ ಒಣಗುವ ತನಕ ನಡೆಸಬೇಡಿ. ಹೊರಸಿನ ಮೇಲಿಂದ ಏಳಿಸಬೇಡಿ, ಅದು ಕುಳಿ ಬೀಳುತ್ತದೆ. ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಹತ್ತರಂತೆ ದಿನಕ್ಕೆ ಐದಾರು ಸಲ ಮಾಡಿಸಿ. ಬೇಸಿಗೆಯಲ್ಲಿ ಬೆಳಗ್ಗೆ ಎಂಟರೊಳಗೆ ಮುಗಿಸಿ, ನಮ್ಮ 42 ಡಿಗ್ರಿ ಬಿಸಿಲು ನಿಮಗೆ ಗೊತ್ತೇ ಇದೆ. ಮತ್ತೆ ಆ ಎಮ್ಮೆಗಳು ಎಲ್ಲಿ ಕಟ್ಟಿದ್ದಾವೆ? ಕೊಟ್ಟಿಗೆ ಮನೆಯಿಂದ ನಲವತ್ತು ಹೆಜ್ಜೆ ಇದ್ದರೆ, ದಿನಕ್ಕೆ ಎರಡು ಸಲ ಒಬ್ಬರು ಪಕ್ಕದಲ್ಲಿದ್ದು ಅಲ್ಲಿಗೆ ಕರಕೊಂಡು ಹೋಗಿ. ಕಟ್ಟೆಯ ಮೇಲೆ ಕೂತು, ಎಮ್ಮೆ ಹಾಯದಷ್ಟು ದೂರದಿಂದ, ಬಲಗೈಯಲ್ಲಿ ಮೇವು ಹಿಡಿದು ಹಾಕಲಿ. ಜೀವನಪೂರ್ತಿ ಮಾಡಿದ ಕೆಲಸ ಅದು. ರೋಬೋಟಿಗಾಗಿ ಆ ಎಮ್ಮೆ ಮಾರಬೇಡಿ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಗಂಡ ಎದ್ದು ಓಡಾಡಲಿ ಅನ್ನುವ ಆಸೆಯಿಂದಲೇ ಅವರು ಪಾರಿವಾಳದ ಮಾತು ಎತ್ತಿದ್ದಾರೆ. ಆದರೆ ಕಟ್ಟಿದ್ದು ಮಿದುಳಿನ ನಾಳ, ಚರ್ಮಕ್ಕೆ ಹಚ್ಚಿದ ರಕ್ತ ಅಲ್ಲಿಗೆ ಮುಟ್ಟುವುದಿಲ್ಲ. ಅವರ ಕೈಗೆ ಬೆಚ್ಚಗಿನ ಕೊಬ್ಬರಿ ಎಣ್ಣೆ ಕೊಡಿ. ಹಗುರವಾಗಿ ಹಚ್ಚಿ, ಒಂದೊಂದೇ ಬೆರಳು ಬಿಚ್ಚಿ ಚಾಚಲಿ. ಬಿಗಿ ಕಡಿಮೆಯಾಗುತ್ತದೆ, ಅವರ ಮನಸ್ಸಿಗೂ ಸಮಾಧಾನ.

ಮೂರು ತಿಂಗಳ ಹೆದರಿಕೆ ಅರ್ಧ ನಿಜ. ಮೊದಲ ಮೂರು ತಿಂಗಳಲ್ಲಿ ಸುಧಾರಣೆ ವೇಗವಾಗಿ ಇರುತ್ತದೆ. ಆಮೇಲೆ ನಿಧಾನ ಆಗುತ್ತದೆ, ಬಾಗಿಲು ಮುಚ್ಚುವುದಿಲ್ಲ. ಇನ್ನು ಅವಸರದಲ್ಲೂ ಕೇಡಿದೆ. ಅವ್ವನಿಗೆ ಲಕ್ವಾ ಆದ ಮೊದಲ ದಿನವೇ ನಾನು ಎಬ್ಬಿಸಿ ನಿಲ್ಲಿಸಿದ್ದೆ, ಬೇಗ ಮಾಡಿದಷ್ಟೂ ಒಳ್ಳೆಯದು ಅಂತ ಆಗ ನಂಬಿದ್ದೆವು. 2015ರಲ್ಲಿ ಐದು ದೇಶಗಳ 2104 ಜನರ ಪರೀಕ್ಷೆ ಬಂತು. ಮೊದಲ 24 ಗಂಟೆಯಲ್ಲೇ ಜಾಸ್ತಿ ಎಬ್ಬಿಸಿ ಓಡಾಡಿಸಿದವರಿಗಿಂತ ಸ್ವಲ್ಪ ತಾಳ್ಮೆಯಿಂದ ನೋಡಿಕೊಂಡವರೇ ಮೂರು ತಿಂಗಳಿಗೆ ಚೆನ್ನಾಗಿದ್ದರು. ಅವತ್ತಿನಿಂದ ನಾನು ಮೊದಲ ದಿನ ಬಹಳ ಎಬ್ಬಿಸುವುದಿಲ್ಲ.

ಕೊನೆಗೆ, ಬಿಪಿ ಮಾತ್ರೆ ಮತ್ತು ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬೇಡಿ. "ಈಗ ಆರಾಮ ಇದ್ದಾರೆ" ಅಂತ ಹಬ್ಬದ ಹೊತ್ತಿಗೆ ಮಾತ್ರೆ ಬಿಟ್ಟು, ಎರಡನೇ ಲಕ್ವಾ ಹೊಡೆಸಿಕೊಂಡು ಬಂದವರನ್ನು ನೋಡುವುದು ನನಗೆ ಬಹಳ ಸಂಕಟ. ತಂಬಾಕು ಇದ್ದರೆ ಬಿಡಿಸಿ. ಮತ್ತೆ ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಬಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ನಾಲ್ಕೂವರೆ ಗಂಟೆ ಮಾತ್ರ.

ಪ್ರಶ್ನೆ: ನನ್ನ ತಮ್ಮನಿಗೆ 38 ವರ್ಷ, ಲಕ್ವಾ ಆಗಿ 14 ತಿಂಗಳಾಯಿತು. ಕೈ ಅರ್ಧ ಬಂದಿದೆ. ಇನ್ನು ಫಿಸಿಯೋ ದಂಡ ಅಂತ ಅವನೇ ಬಿಟ್ಟಿದ್ದಾನೆ. ಮೊಬೈಲ್ ಗೇಮ್ ಥರದ ಚಿಕಿತ್ಸೆ ಇದೆಯಂತೆ, ಕೊಡಿಸಲಾ?
— ಬೀದರ್

ಉತ್ತರ: ಅಣ್ಣಾ, ದಂಡ ಅಲ್ಲ. ಮೇಲೆ ಹೇಳಿದ ಕೈ ಕಟ್ಟಿಹಾಕುವ ಪರೀಕ್ಷೆಯಲ್ಲಿ, ಒಂದು ವರ್ಷ ಕಾದ ಮೇಲೆ ಅದೇ ಚಿಕಿತ್ಸೆ ಪಡೆದ ಗುಂಪಿನ ಕೈಯೂ ಸುಧಾರಿಸಿತ್ತು. 2021ರಲ್ಲಿ ಇನ್ನೊಂದು ಬಂತು. ಕುತ್ತಿಗೆಯ ಒಂದು ನರಕ್ಕೆ ಸಣ್ಣ ಯಂತ್ರ ಜೋಡಿಸಿ, ಕೈ ಕೆಲಸ ಮಾಡುವಾಗ ಕರೆಂಟ್ ಕೊಡುವುದು. ಅದರಲ್ಲಿದ್ದ 108 ಜನರಿಗೆ ಲಕ್ವಾ ಆಗಿ ಕನಿಷ್ಠ ಒಂಬತ್ತು ತಿಂಗಳಾಗಿತ್ತು, ಕೆಲವರಿಗೆ ವರ್ಷಗಟ್ಟಲೆ. ಅವರಲ್ಲೂ ಕೈ ಸುಧಾರಿಸಿತು. ಅದನ್ನು ಮಾಡಿಸಿ ಅಂತ ಹೇಳುತ್ತಿಲ್ಲ, ಆಪರೇಷನ್ ಬೇಕು, ಖರ್ಚೂ ಬಹಳ. ವರ್ಷ ದಾಟಿದ ಮಿದುಳೂ ಕಲಿಯುತ್ತದೆ ಅಂತ ತಮ್ಮನಿಗೆ ತೋರಿಸಲು ಹೇಳಿದೆ.

ಗೇಮಿನ ಬಗ್ಗೆ: ಟಿವಿಗೆ ಜೋಡಿಸಿ ಆಡುವ ಗೇಮನ್ನು 141 ಜನರ ಮೇಲೆ ಪರೀಕ್ಷಿಸಿದರು. ಇನ್ನೊಂದು ಗುಂಪಿಗೆ ಇಸ್ಪೀಟು, ಮರದ ತುಂಡು ಜೋಡಿಸುವ ಆಟ. 2016ರಲ್ಲಿ ಬಂದ ಫಲಿತಾಂಶ ನೋಡಿದರೆ ಇಸ್ಪೀಟು ಆಡಿದವರ ಕೈಯೂ ಅಷ್ಟೇ ಸುಧಾರಿಸಿತ್ತು. ನಿಮ್ಮ ಮನೆಯಲ್ಲಿ ಚೌಕಾಬಾರ ಇದೆಯಾ? ಕವಡೆ ಎತ್ತಿ, ಅಂಗೈಯಲ್ಲಿ ಕುಲುಕಿ, ಬಿಡುವುದು ಬಿದ್ದ ಕೈಯಿಂದಲೇ ಆಗಬೇಕು ಅಂತ ನಿಯಮ ಮಾಡಿ. ಮನೆಯವರೆಲ್ಲ ಕೂತು ಆಡಿ. ಇನ್ನೊಂದು ವಿಷಯ, ತಮ್ಮ ಸುಮ್ಮನೆ ಕೂರುವುದು, ನಿದ್ದೆ ಬಾರದಿರುವುದು, ಯಾರ ಜೊತೆಗೂ ಬೆರೆಯದಿರುವುದು ಇದ್ದರೆ ಅದು ಸೋಮಾರಿತನ ಇರಲಿಕ್ಕಿಲ್ಲ. ಲಕ್ವಾ ಆದ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ನಿಮ್ಮ ಬೀದರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬ್ರಿಮ್ಸ್‌ನಲ್ಲಿ ಮನೋವೈದ್ಯರಿಗೆ ತೋರಿಸಿ. 38 ವರ್ಷದ ಹುಡುಗ, ಬಿಟ್ಟುಕೊಡಬೇಡಿ.

ಪ್ರಶ್ನೆ: ನನ್ನ ಹೆಂಡತಿಗೆ 54. ಲಕ್ವಾ ಆಗಿ ನಾಲ್ಕು ತಿಂಗಳು. ಎಲ್ಲ ತಿಳಿಯುತ್ತದೆ, ಆದರೆ "ಅದು, ಅದು" ಬಿಟ್ಟರೆ ಮಾತು ಬರಲ್ಲ. ನೀರು ಕುಡಿಯುವಾಗ ಕೆಮ್ಮು. ಮೊನ್ನೆ ಮೊಮ್ಮಗಳನ್ನು ಮಲಗಿಸುವಾಗ ಒಂದು ಬೀಸುವ ಪದ ಪೂರ್ತಿ ಹಾಡಿದಳು! ಹಾಡಲು ಬರುವವಳಿಗೆ ಮಾತು ಯಾಕೆ ಬರಲ್ಲ, ಬೇಕಂತ ಮಾಡ್ತಾಳೆ ಅಂತ ಮನೆಯಲ್ಲಿ ಆಡಿಕೊಳ್ಳುತ್ತಾರೆ.
— ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ಆಡಿಕೊಳ್ಳುವವರನ್ನು ಕೂರಿಸಿ ಇದನ್ನು ಓದಿ ಹೇಳಿ, ಅಣ್ಣಾ. ಅಕ್ಕ ಬೇಕಂತ ಮಾಡುತ್ತಿಲ್ಲ. ಮಾತು ಕಟ್ಟುವ ಜಾಗ ಹೆಚ್ಚಿನವರಿಗೆ ಮಿದುಳಿನ ಎಡಗಡೆ ಇದೆ. ಅಲ್ಲಿ ಪೆಟ್ಟಾಗಿದೆ. ಹಾಡಿನ ರಾಗಕ್ಕೆ ಬಲಗಡೆಯೂ ಕೆಲಸ ಮಾಡುತ್ತದೆ, ಅದು ಉಳಿದಿದೆ.

ಮೊದಲು ಕೆಮ್ಮಿನ ವಿಷಯ. ನೀರು ಶ್ವಾಸನಾಳಕ್ಕೆ ಇಳಿಯುತ್ತಿರಬಹುದು, ಅದರಿಂದ ನ್ಯುಮೋನಿಯಾ ಬರುತ್ತದೆ. ಈ ವಾರವೇ ಡಾಕ್ಟರಿಗೆ ತೋರಿಸಿ. ಅಲ್ಲಿಯ ತನಕ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಚಮಚದಲ್ಲಿ ಕೊಡಿ. ಒಣ ಜೋಳದ ರೊಟ್ಟಿಯ ಪುಡಿ ಗಂಟಲಲ್ಲಿ ಸಿಗುತ್ತದೆ. ರೊಟ್ಟಿಯನ್ನು ಸಾರಿನಲ್ಲಿ ಮೆತ್ತಗೆ ನೆನೆಸಿ ಕಲಸಿ ಕೊಡಿ. ಕುಡಿದ ಮೇಲೆ ದನಿ ಗೊರಗೊರ ಅಂದರೆ ನಿಲ್ಲಿಸಿ.

ಮಾತಿಗೆ ಆ ಬೀಸುವ ಪದವೇ ದಾರಿ. ಹಾಡಿನ ಏರಿಳಿತದ ಮೇಲೆ ಮಾತು ಕಲಿಸುವ ಪದ್ಧತಿ 1973ರಿಂದ ಇದೆ. ಎದುರು ಕೂತು ಅಕ್ಕನ ಎಡಗೈಯನ್ನು ನಿಮ್ಮ ಕೈಯಲ್ಲಿ ಹಿಡಿಯಿರಿ. ಮೇಜಿನ ಮೇಲೆ ತಾಳ ಹಾಕಿಸುತ್ತಾ "ನೀ-ರು ಬೇ-ಕು" ಅಂತ ಅದೇ ಪದದ ರಾಗದಲ್ಲಿ ಹಾಡಿ. ಮೊದಲು ನೀವೊಬ್ಬರೇ, ಆಮೇಲೆ ಇಬ್ಬರೂ ಕೂಡಿ, ಆಮೇಲೆ ನೀವು ಅರ್ಧಕ್ಕೆ ದನಿ ತಗ್ಗಿಸಿ ಬಿಟ್ಟುಬಿಡಿ. ಅವರು ಮುಗಿಸಲಿ. ಹತ್ತು ಎಣಿಸುವಷ್ಟು ಕಾಯಿರಿ, ಬಾಯಿಂದ ಮಾತು ಕಸಿದುಕೊಳ್ಳಬೇಡಿ. ಒಂದು ವಾರ ಎರಡೇ ಮಾತು ಸಾಕು. ಜೊತೆಗೆ ನೀರು, ಚಹಾ, ಔಷಧಿ, ಬಚ್ಚಲು, ನೋವು, ಇಷ್ಟರ ಚಿತ್ರ ಒಂದು ರಟ್ಟಿಗೆ ಅಂಟಿಸಿ ಪಕ್ಕದಲ್ಲಿಡಿ. ಬೆರಳಿಟ್ಟು ತೋರಿಸಲಿ. ಚಿತ್ರ ತೋರಿಸಿದರೆ ಮಾತು ಮರೆತುಹೋಗುತ್ತದೆ ಅನ್ನುವ ಭಯ ಬೇಡ. ಮಾತಿನ ಥೆರಪಿಸ್ಟ್ ಯಾದಗಿರಿಯಲ್ಲಿ ಸಿಗದಿದ್ದರೆ ಕಲಬುರಗಿಯಲ್ಲಿ ಕೇಳಿ. ಇದಕ್ಕೆಂದೇ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ.

ರಾಗ ಇಲ್ಲದೆ ಬಂದ ಮೊದಲ ಮಾತು ಯಾವುದು ಅಂತ ನನಗೆ ತಪ್ಪದೆ ಬರೆದು ತಿಳಿಸಿ.